ಒಂದೇ ಖಾನೆಯಲ್ಲಿ ಏಳು ಜನ

ನಮ್ಮ ಮಾವನಿಗೆ ಒಂದು ಅಲ್ಪವಿರಾಮ ಕೊಟ್ಟರೆ ಸಾಕು, ಇಡೀ ಹೊಳಲ್ಕೆರೆ ತಾಲ್ಲೂಕನ್ನು ಒಂದೇ ಖಾನೆಯೊಳಗೆ ಕೂರಿಸಿ, ಹೊಸದುರ್ಗದವರಿಗೂ ನಿಲ್ಲಲು ಜಾಗ ಮಾಡಿಕೊಡುತ್ತಾರೆ! ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಸಿಟ್ಟಿನಿಂದ ಹೇಳುತ್ತಿದ್ದೇನೆ. ಎರಡು ಸಾವಿರದ ಐದನೇ ಇಸವಿಯಲ್ಲಿ ಶುರುವಾದ ಸಿಟ್ಟು, ಇನ್ನೂ ಪೂರ್ತಿ ಆರಿಲ್ಲ.

ನಾನು ಏಳನೇ ತರಗತಿಯಿಂದ ಡೈರಿ ಬರೆಯುವವಳು. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ಸಲ ಕರೆಂಟು ಹೋಯಿತು, ಬಸ್ಸು ಎಷ್ಟು ನಿಮಿಷ ತಡ, ಎಲ್ಲಕ್ಕೂ ಲೆಕ್ಕ ಇರುತ್ತದೆ. ಆ ವರ್ಷ ಮಾತ್ರ ಒಂದು ಹೊಸ ಪುಟ ತೆರೆಯಬೇಕಾಯಿತು. ಅದರ ತಲೆಬರಹ: ‘ಮಾವನ ಜೊತೆ ಜಗಳ’. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಒಟ್ಟು ಇಪ್ಪತ್ತೇಳು. ಅದರಲ್ಲಿ ಇಪ್ಪತ್ತೈದರಲ್ಲಿ ಗೆದ್ದವರು ಮಾವ. ಒಂದು, ಅತ್ತೆ ಊಟಕ್ಕೆ ಕರೆದಿದ್ದರಿಂದ ಅರ್ಧಕ್ಕೇ ನಿಂತಿತು. ನಾನು ಗೆದ್ದದ್ದು ಒಂದೇ ಒಂದು. ಆ ಒಂದು ಗೆಲುವಿನ ಕಥೆ ಇದು.

ಮಾವ ಎಂದರೆ ನಮ್ಮ ಅಮ್ಮನ ಅಣ್ಣ. ಚಿತ್ರದುರ್ಗದಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಅವರ ಮನೆ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಬಹುಪಾಲು ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ದಾರಿಯಲ್ಲೇ. ಅವರು ನಿವೃತ್ತರಾದರು ನಿಜ, ಆದರೆ ಅವರೊಳಗಿನ ಕಂಡಕ್ಟರ್ ನಿವೃತ್ತನಾಗಬೇಕಲ್ಲ! ಮನೆಗೆ ನಾಲ್ಕು ಜನ ನೆಂಟರು ಬಂದರೆ ಬಾಗಿಲಲ್ಲಿ ನಿಂತು "ಒಳಗ್ ನಡೀರಿ, ಒಳಗ್ ನಡೀರಿ, ಹಿಂದೆ ಜಾಗ ಐತೆ" ಅನ್ನುತ್ತಿದ್ದರು. ಹಿಂದೆ ಇದ್ದದ್ದು ಬಚ್ಚಲುಮನೆ! ಬನಿಯನ್ನಿನೊಳಗೆ ಕೊರಳಿಗೆ ಸೀಟಿ ಸದಾ ನೇತಾಡುತ್ತಿತ್ತು. ಊಟಕ್ಕೆ ಕೂತಾಗ ಒಂದು ಸೀಟಿ ಊದಿದರೆ ‘ಸಾಕು’ ಎಂದರ್ಥ, ಎರಡು ಊದಿದರೆ ‘ಇನ್ನಷ್ಟು ಹಾಕು’ ಎಂದರ್ಥ. ಅತ್ತೆ ಸಾರಿನ ಸೌಟು ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಮೂವತ್ತು ವರ್ಷ ಇವ್ರು ಬಸ್ಸಿನ ಜೊತೆ ಸಂಸಾರ ಮಾಡಿದ್ರು ಕಣವ್ವ. ಈಗ ನನ್ನೇ ಡ್ರೈವರ್ ಅಂದ್ಕಂಡವ್ರೆ" ಅನ್ನುತ್ತಿದ್ದರು.

ಇಂಥವರು ನಿವೃತ್ತಿಯ ಮಾರನೇ ತಿಂಗಳೇ ಕಣ್ಣಿನ ಶಿಬಿರ ಶುರು ಮಾಡಿದರು. ಬಸ್ಸಿನಲ್ಲಿ ಇಷ್ಟು ವರ್ಷ "ಇದು ಯಾವೂರು ಬಸ್ಸಪ್ಪ?" ಎಂದು ಬೋರ್ಡಿನ ಕೆಳಗೇ ನಿಂತು ಕೇಳುತ್ತಿದ್ದ ಮುದುಕ ಮುದುಕಿಯರಲ್ಲಿ ಅರ್ಧ ಜನ ಓದು ಬಾರದವರಲ್ಲ, ಕಣ್ಣಿಗೆ ಪೊರೆ ಬಂದವರು ಎಂಬುದು ಅವರಿಗೆ ಗೊತ್ತಿತ್ತು. ಯಾವ ಸ್ಟಾಪಿನಲ್ಲಿ ಯಾರು ಹಾಗೆ ಕೇಳುತ್ತಿದ್ದರು ಎಂಬುದೂ ನೆನಪಿತ್ತು. ದೂರದ ಊರಿನ ಒಂದು ಕಣ್ಣಾಸ್ಪತ್ರೆಯವರು ಒಪ್ಪಿದರು. ಎರಡು ತಿಂಗಳಿಗೊಮ್ಮೆ ಹೊಳಲ್ಕೆರೆಯ ಶಾಲೆಯ ಮೈದಾನಕ್ಕೆ ಎರಡು ಬಸ್ಸು ಬರುತ್ತವೆ, ಪೊರೆ ಬಂದವರನ್ನು ಕರೆದೊಯ್ದು, ಆಪರೇಷನ್ ಮಾಡಿ, ಮೂರನೇ ದಿನ ತಂದು ಬಿಡುತ್ತಾರೆ. ಯಾರು ಯಾರು ಬರುತ್ತಾರೆ ಎಂಬ ಪಟ್ಟಿ ಮಾವನ ಜವಾಬ್ದಾರಿ. ಅದಕ್ಕೆಂದು ಆಸ್ಪತ್ರೆಯವರು ಒಂದು ಹಳೆಯ ಕಂಪ್ಯೂಟರನ್ನೂ ಕೊಟ್ಟರು. ಪಡಸಾಲೆಯಲ್ಲಿ ಅತ್ತೆಯ ಹಳೇ ಸೀರೆ ಹೊದ್ದು ಕೂತಿದ್ದ ಆ ಕಂಪ್ಯೂಟರೇ ನನ್ನ ಇಪ್ಪತ್ತೇಳು ಜಗಳಗಳ ರಣರಂಗ.

ನಾನಾಗ ಚಿತ್ರದುರ್ಗದಲ್ಲೇ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿತು, ಅಲ್ಲೇ ಅರ್ಧ ದಿನ ಕಲಿಸುತ್ತಿದ್ದೆ. ಆಗಸ್ಟಿನ ಒಂದು ಶುಕ್ರವಾರ ಮಾವ ಕರೆದರು. "ಆಸ್ಪತ್ರೆಯೋರು ಏನೋ ಕಾಗದ ಬರ್ದವ್ರೆ. ನೀನೇ ಓದವ್ವ."

ಓದಿದೆ. ಒಂದು ಸಾಲಿಗೆ ಒಬ್ಬರಂತೆ ರೋಗಿಗಳ ಪಟ್ಟಿ ಬೇಕು, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಇರಬೇಕು, ಸೋಮವಾರದೊಳಗೆ ತಲುಪಬೇಕು; ಇಲ್ಲದಿದ್ದರೆ ಈ ಸಲ ಬಸ್ಸು ಕಳಿಸಲಾಗುವುದಿಲ್ಲ. ಕಳೆದ ಮೂರೂ ಪಟ್ಟಿ ಅರ್ಥವಾಗಲಿಲ್ಲವಂತೆ!

ನಾನು ಕಂಪ್ಯೂಟರಿನ ಸೀರೆ ಸರಿಸಿ ಪಟ್ಟಿ ತೆರೆದೆ. ಮೂರು ಕಂಬಸಾಲು: ಕ್ರಮಸಂಖ್ಯೆ, ಸ್ಟಾಪು, ಹೆಸರು. ಭೀಮಸಮುದ್ರ ಗೇಟು ಎಂಬ ಸ್ಟಾಪಿನ ಮುಂದೆ ಹೆಸರಿನ ಖಾನೆಯಲ್ಲಿ ಗೌರಮ್ಮ, ತಿಮ್ಮಕ್ಕ, ರಂಗಪ್ಪ, ಹೊನ್ನಮ್ಮ, ಸಣ್ಣಜ್ಜ, ಕರಿಯಮ್ಮ, ಬಸಪ್ಪ. ಒಂದೇ ಖಾನೆಯಲ್ಲಿ ಏಳು ಜನ! ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಏಳು ಕನ್ನಡದ ಹೆಸರು, ನಡುವೆ ಅಲ್ಪವಿರಾಮ. ಕೆಳಗೆ ನೋಡಿದರೆ ಎಲ್ಲ ಸಾಲೂ ಹಾಗೇ. ಹದಿನಾಲ್ಕು ಸ್ಟಾಪು, ಹದಿನಾಲ್ಕು ಖಾನೆ, ಒಳಗೆ ಎಂಬತ್ತಾರು ಜನ.

ಕಂಪ್ಯೂಟರಿಗೆ ಇದು ಹೇಗೆ ಕಾಣುತ್ತದೆ ಗೊತ್ತೇ? ಒಂದು ಖಾನೆ ಎಂದರೆ ಅದಕ್ಕೆ ಒಬ್ಬ ಮನುಷ್ಯ. ಎಷ್ಟು ಜನ ರೋಗಿಗಳು ಎಂದು ಕೇಳಿದರೆ ಹದಿನಾಲ್ಕು ಅನ್ನುತ್ತದೆ. ತಿಮ್ಮಕ್ಕ ಎಂಬವರು ಇದ್ದಾರೆಯೇ ಎಂದರೆ ಇಲ್ಲ ಅನ್ನುತ್ತದೆ. ಅದರ ಲೆಕ್ಕದಲ್ಲಿ ಭೀಮಸಮುದ್ರ ಗೇಟಿನಲ್ಲಿ ಗೂಡ್ಸ್ ರೈಲಿನಷ್ಟು ಉದ್ದ ಹೆಸರಿನ, ಹದಿನಾಲ್ಕು ಕಣ್ಣಿನ ಒಬ್ಬ ರೋಗಿ ಇದ್ದಾನೆ!

"ಮಾವ, ಒಂದು ಸಾಲಿಗೆ ಒಬ್ಬರನ್ನ ಬರೀಬೇಕು."

"ಯಾಕವ್ವ? ಅದ್ರಾಗೆ ಜಾಗ ಐತಲ್ಲ?"

"ಜಾಗದ ಪ್ರಶ್ನೆ ಅಲ್ಲ ಮಾವ!"

"ನಲವತ್ತೆಂಟು ಸೀಟಿನ ಬಸ್ನಾಗೆ ತೊಂಬತ್ತು ಜನಾನ ಹಾಕ್ಕಂಡು ಹೋಗೀನಿ. ಈ ಪೆಟ್ಟಿಗೀಗೆ ಏಳು ಜನ ಭಾರಾನ?"

ಎಂಬತ್ತಾರು ಹೆಸರನ್ನು ಕೈಯಲ್ಲೇ ಮತ್ತೆ ಕುಟ್ಟಬಹುದಿತ್ತು. ಆದರೆ ಮುಂದಿನ ಶಿಬಿರಕ್ಕೆ ಮಾವ ಮತ್ತೆ ಹೀಗೇ ತುಂಬಿಕೊಟ್ಟರೆ? ತುಂಬಿಯೇ ತುಂಬುತ್ತಾರೆ! ಆದ್ದರಿಂದ ಖಾನೆಯನ್ನು ಕಂಪ್ಯೂಟರೇ ಒಡೆಯುವಂತೆ ಒಂದು ಆಜ್ಞೆ ಬರೆಯಲು ಕೂತೆ. ಮೊದಲು ಅಲ್ಪವಿರಾಮ ಎಲ್ಲಿದೆ ಹುಡುಕು. ಅದರ ಹಿಂದಿನದ್ದನ್ನು ಕತ್ತರಿಸು. ಮುಂದಿನ ಅಲ್ಪವಿರಾಮ ಹುಡುಕು. ಕಟ್ಟಿದ ಹೂವಿನ ಮಾಲೆಯಲ್ಲಿ ಗಂಟು ಹುಡುಕಿ ಹುಡುಕಿ ಒಂದೊಂದೇ ಹೂ ಬಿಡಿಸಿದ ಹಾಗೆ. ಒಂದು ಖಾನೆಯಲ್ಲಿ ಎಷ್ಟು ಜನ ಇರುತ್ತಾರೆಂದು ಮೊದಲೇ ಗೊತ್ತಿಲ್ಲವಲ್ಲ? ಅದಕ್ಕೊಂದು ಉಪಾಯ: ಒಂದರಿಂದ ಇಪ್ಪತ್ತರವರೆಗೆ ಬರೀ ಅಂಕಿಗಳಿರುವ ಇನ್ನೊಂದು ಪಟ್ಟಿ ಮಾಡಿ ಮಾವನ ಪಟ್ಟಿಯ ಪಕ್ಕ ನಿಲ್ಲಿಸುವುದು. ಒಂದು ಎಂಬ ಅಂಕಿ ಮೊದಲನೆಯ ತುಂಡನ್ನು ಎತ್ತಿಕೊಳ್ಳುತ್ತದೆ, ಎರಡು ಎಂಬುದು ಎರಡನೆಯದನ್ನು, ಹೀಗೆ ತುಂಡು ಮುಗಿಯುವ ತನಕ. ಶನಿವಾರ ಹತ್ತು ಗಂಟೆಗೆ ಕೂತವಳು ಮಧ್ಯಾಹ್ನ ಎರಡೂಕಾಲಿಗೆ ಮುಗಿಸಿ, ಎದೆಯುಬ್ಬಿಸಿ ಗುಂಡಿ ಒತ್ತಿದೆ.

ಎಂಬತ್ತಾರು ಬರಬೇಕಾದಲ್ಲಿ ನೂರಾ ಹದಿನೇಳು ಜನ ಬಂದರು!

ಹೆಚ್ಚಿಗೆ ಬಂದ ಮೂವತ್ತೊಂದು ಜನಕ್ಕೆ ಹೆಸರೇ ಇರಲಿಲ್ಲ. ಹುಡುಕಿದರೆ, ಮಾವ ಮೂವತ್ತೊಂದು ಕಡೆ ಎರಡೆರಡು ಅಲ್ಪವಿರಾಮ ಒತ್ತಿದ್ದರು. ಎರಡು ಅಲ್ಪವಿರಾಮದ ನಡುವಿನ ಬರಿದನ್ನೂ ಕಂಪ್ಯೂಟರು ಒಬ್ಬ ರೋಗಿ ಎಂದೇ ಎಣಿಸಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಇದೇನ್ ಮಾವ, ಎರಡೆರಡು ಕಾಮಾ?"

"ಬಿತ್ತೋ ಇಲ್ಲೋ ಗೊತ್ತಾಗಬೇಕಲ್ಲವ್ವ. ಅದ್ಕೆ ಇನ್ನೊಂದು ಒತ್ತೀನಿ."

"ಈಗ ಹೆಸರಿಲ್ಲದ ಮೂವತ್ತೊಂದು ಜನ ಬಂದು ಕೂತವ್ರೆ! ಏನ್ ಮಾಡ್ಲಿ ಇವರನ್ನ?"

"ಟಿಕೇಟ್ ಇಲ್ದೆ ಹತ್ತಿದೋರು ಅವ್ರು. ಇಳಿಸು."

ಅತ್ತೆ ನಕ್ಕರು. ನಾನು ನಗಲಿಲ್ಲ. ಹಳೆಯ ಪಟ್ಟಿಗಳನ್ನೂ ತೆರೆದು ಮಾವನ ತಪ್ಪುಗಳನ್ನು ಎಣಿಸಿ ಡೈರಿಗೆ ಸೇರಿಸಿದೆ. ಮೊದಲನೇ ಶಿಬಿರದ ಪಟ್ಟಿಯಲ್ಲಿ ಜೋಡಿ ಅಲ್ಪವಿರಾಮ ಎರಡು, ಆಮೇಲಿನದರಲ್ಲಿ ಏಳು, ಆಮೇಲೆ ಹದಿನಾರು, ಈಗ ಮೂವತ್ತೊಂದು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಷರಾ ಬರೆದೆ: ‘ದಿನೇ ದಿನೇ ಉಡಾಫೆ ಹೆಚ್ಚುತ್ತಿದೆ.’

ಖಾಲಿಗಳನ್ನೆಲ್ಲ ಇಳಿಸಿದ ಮೇಲೆ ಎಂಬತ್ತಾರಕ್ಕೆ ಎಂಬತ್ತಾರು ಕೂತವು. ಎಷ್ಟನೆಯ ತುಂಡು ಎಂದು ಹೇಳುತ್ತಿದ್ದ ಅಂಕಿಯೂ ಪ್ರತಿ ಹೆಸರಿನ ಪಕ್ಕ ಬಂದಿತ್ತು. ಆಸ್ಪತ್ರೆಯವರ ನಮೂನೆಯಲ್ಲಿ ಅದಕ್ಕೂ ಸ್ಟಾಪಿಗೂ ಜಾಗವಿಲ್ಲ, ಕಸ ಎಂದು ಎರಡನ್ನೂ ಅಳಿಸಿದೆ. ಅಕ್ಷರಕ್ರಮದಲ್ಲಿ ಜೋಡಿಸಿದೆ. ಮೂರು ಸಲ ಎಣಿಸಿದೆ. ಆಹಾ, ಎಷ್ಟು ಚೆಂದದ ಪಟ್ಟಿ!

ಮಾವ ತೆರೆಯ ಕಡೆ ನೋಡಲೂ ಇಲ್ಲ. "ನೀನೇ ಓದವ್ವ. ತಿಮ್ಮಕ್ಕನ ಹಿಂದೆ ಮುಂದೆ ಯಾರವ್ರೆ?"

"ಮುಂದೆ ಸಿದ್ದಪ್ಪ, ಹಿಂದೆ ತಿಪ್ಪಮ್ಮ."

"ಸಿದ್ದಪ್ಪ ಹೊಸದುರ್ಗದ ಕಡೆಯೋನು. ಅವ್ನಿಗೂ ತಿಮ್ಮಕ್ಕಗೂ ಏನವ್ವ ಸಂಬಂಧ?"

"ಸಂಬಂಧ ಏನೂ ಇಲ್ಲ ಮಾವ. ಇದು ಅಕ್ಷರಕ್ರಮ!"

"ಅಕ್ಷರಕ್ರಮ ಬಂದು ಕೈ ಹಿಡ್ಕಂಡು ಕರ್ಕಂಡ್ ಹೋಗ್ತೈತಾ ಅವ್ಳನ್ನ? ಬ್ಯಾಡವ್ವ. ಒಟ್ಟಿಗೆ ಬರೋರು, ಒಟ್ಟಿಗೆ ಇರ್ಲಿ. ಬಿಡಿಸಬ್ಯಾಡ."

ನಾಲ್ಕು ಗಂಟೆ ಕೂತು ಬಿಡಿಸಿದ ಮೇಲೆ ಬಿಡಿಸಬ್ಯಾಡ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ನಾನು ಎದ್ದು ನಿಂತು ಹೇಳಬಾರದ್ದನ್ನು ಹೇಳಿದೆ. "ಕಂಪ್ಯೂಟರ್ ಗೊತ್ತಿರೋದು ನನಗಾ, ನಿಮಗಾ? ಸುಮ್ನೆ ಕೂತ್ಕೊಳ್ಳಿ ಮಾವ. ನಿಮ್ಮ ಸೋಮಾರಿತನದಿಂದ ಬಸ್ಸು ತಪ್ಪಿದ್ರೆ ಆ ತಿಮ್ಮಕ್ಕಗೆ ನೀವು ಉತ್ತರ ಹೇಳ್ತೀರಾ?"

ಮಾವ ಸೀಟಿ ತೆಗೆದು, ಮೆಲ್ಲಗೆ ಒಂದು ಸಲ ಊದಿದರು. ಸಾಕು ಎಂದರ್ಥ. ನಾನು ಡೈರಿಯಲ್ಲಿ ‘ಗೆದ್ದೆ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ತಿಮ್ಮಕ್ಕನ ಹೆಸರನ್ನು ನಾನು ಎತ್ತಿದ್ದಕ್ಕೆ ಕಾರಣವಿತ್ತು. ಆಕೆಯ ಎರಡೂ ಕಣ್ಣಿಗೆ ಪೊರೆ. ಎರಡು ಸಲ ಆಸ್ಪತ್ರೆಯವರೆಗೆ ಹೋಗಿ, ರಕ್ತದೊತ್ತಡ ಜಾಸ್ತಿ ಇದೆ ಎಂದು ವಾಪಸು ಬಂದಿದ್ದಳು. ಈ ಸಲ ಎಲ್ಲ ಸರಿ ಇತ್ತು. ಹೆಸರು ಬರೆಸಲು ಬಂದಾಗ ನನ್ನ ಮುಂದೆಯೇ ಹೇಳಿದ್ದಳು: "ನಂಗೆ ಆಕಾಶ ಭೂಮಿ ಏನೂ ನೋಡಾದು ಬ್ಯಾಡ ಕಣವ್ವ. ಬ್ಯಾಳೆಯಾಗಿನ ಕಲ್ಲು ಕಂಡ್ರೆ ಸಾಕು. ಸೊಸೆ ಆರಿಸಿದ್ ಬ್ಯಾಳೆ ತಿಂದು ತಿಂದು ಇರೋ ನಾಕು ಹಲ್ಲೂ ಹೊಂಟವೆ!"

ಶಿಬಿರದ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೊಳಲ್ಕೆರೆಯ ಶಾಲೆಯ ಮೈದಾನದಲ್ಲಿ ಎರಡೂ ಬಸ್ಸು ನಿಂತಿದ್ದವು. ನನ್ನ ಪಟ್ಟಿಯ ಮೊದಲ ನಲವತ್ತಮೂರು ಹೆಸರು ಒಂದನೇ ಬಸ್ಸಿಗೆ, ಉಳಿದ ನಲವತ್ತಮೂರು ಎರಡನೆಯದಕ್ಕೆ. ಆಸ್ಪತ್ರೆಯ ಹುಡುಗ ಕೂಗಿದ, ಜನ ಹತ್ತಿದರು. ಒಂದನೇ ಬಸ್ಸು ತುಂಬಿ ಗೇಟಿನ ಕಡೆ ಹೊರಟಿತು. ನಾನು ಕೈಗಡಿಯಾರ ನೋಡಿಕೊಂಡೆ: ಹದಿನೇಳು ನಿಮಿಷ. ಮಾವನ ಕಾಲದಲ್ಲಿ ಒಂದು ಗಂಟೆ ಆಗುತ್ತಿತ್ತಂತೆ!

ಎರಡನೇ ಬಸ್ಸಿಗೆ ಕೂಗತೊಡಗಿದಾಗ ಯಾಕೋ ಜನ ಏಳಲಿಲ್ಲ. ಎದ್ದವರೂ ನಾಲ್ಕು ಹೆಜ್ಜೆ ನಡೆದು ನಿಂತರು. ಹುಡುಗ ತಿಮ್ಮಕ್ಕನ ಹೆಸರನ್ನು ಮೂರು ಸಲ ಕೂಗಿದ. ಆಕೆ ಬೇವಿನ ಮರದ ಕೆಳಗೆ ಕೂತಲ್ಲೇ ಬಲಗೈಯನ್ನು ಗಾಳಿಯಲ್ಲಿ ಚಾಚಿಕೊಂಡಿದ್ದಳು.

"ಗೌರೀ... ಎಲ್ಲಿದಿಯೇ ಗೌರೀ?"

ಗೌರಮ್ಮನ ಹೆಸರು ಇಂಗ್ಲಿಷಿನಲ್ಲಿ ಮೊದಲೇ ಬರುತ್ತದೆ. ಗೌರಮ್ಮ ಒಂದನೇ ಬಸ್ಸಿನಲ್ಲಿದ್ದಳು.

"ಬರ್ರಿ ಅಜ್ಜಿ, ನಾನ್ ಹಿಡ್ಕಂತೀನಿ" ಎಂದು ಹುಡುಗ ಕೈ ಹಿಡಿದ. ತಿಮ್ಮಕ್ಕ ಕೊಡವಿದಳು. "ನೀ ಯಾರಪ್ಪ? ನಿನ್ ಕೈ ನಂಗೆ ಗೊತ್ತಿಲ್ಲ. ಗೌರಿ ಇಲ್ದೆ ನಾ ಎಲ್ಲಿಗೂ ಬರಲ್ಲ."

ನಾನು ಸುತ್ತ ನೋಡಿದೆ. ಎಣಿಸುವ ಚಾಳಿ ಬಿಡುತ್ತದೆಯೇ? ಎಣಿಸಿದೆ. ಹತ್ತೊಂಬತ್ತು ಕೈಗಳು ಹಾಗೆ ಗಾಳಿಯಲ್ಲಿ ಚಾಚಿಕೊಂಡಿದ್ದವು. ಯಾರೋ "ಮನೀಗ್ ಹೋಗಾಣ ನಡೀರಿ, ಇವ್ರು ನಮ್ನ ದಿಕ್ಕಾಪಾಲು ಮಾಡ್ತಾರೆ" ಅಂದರು. ಇನ್ನಾರೋ ಅಳತೊಡಗಿದರು. ಗೇಟಿನ ಹತ್ತಿರ ಒಂದನೇ ಬಸ್ಸು ರಸ್ತೆಗೆ ತಿರುಗುತ್ತಿತ್ತು.

ಆಗ ಕೇಳಿಸಿತು ಸೀಟಿ. ಒಂದೇ ಒಂದು, ಹೊಳಲ್ಕೆರೆಯ ಅರ್ಧ ಊರಿಗೆ ಕೇಳುವಷ್ಟು ಉದ್ದ. ಯಾವ ಡ್ರೈವರಿಗೆ ತಾನೇ ಆ ಸೀಟಿ ಕೇಳಿ ಬ್ರೇಕು ಒತ್ತದೆ ಇರಲು ಆಗುತ್ತದೆ? ಬಸ್ಸು ನಿಂತಿತು. ಮಾವ ಮೈದಾನದ ನಡುವೆ ನಿಂತಿದ್ದರು. "ಎಲ್ರೂ ಇಳೀರಿ! ಮತ್ತೆ ಹತ್ತಿಸ್ತೀನಿ. ಯಾರೂ ಅವಸರ ಮಾಡಬ್ಯಾಡ್ರಿ."

ನಾನು ಓಡಿಹೋಗಿ ಅವರ ಹಳೆಯ ಪಟ್ಟಿಯ ಪ್ರತಿಯನ್ನು ಮುಂದೆ ಹಿಡಿದೆ. ಅವರು ಅದರ ಕಡೆ ಕಣ್ಣು ಹಾಯಿಸಲಿಲ್ಲ. ಬಾಯಿಪಾಠವಾಗಿ ಕೂಗಿದರು. "ಭೀಮಸಮುದ್ರ ಗೇಟು! ಗೌರಮ್ಮ... ತಿಮ್ಮಕ್ಕ... ರಂಗಪ್ಪ... ಹೊನ್ನಮ್ಮ..." ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಅರ್ಧ ಉಸಿರು ನಿಲ್ಲಿಸುತ್ತಿದ್ದರು. ಆ ಅರ್ಧ ಉಸಿರಿನಲ್ಲಿ ಒಂದು ಕೈ ಇನ್ನೊಂದು ಕೈಯನ್ನು ಹುಡುಕಿ ಹಿಡಿಯುತ್ತಿತ್ತು.

ನನಗೆ ಅಲ್ಲಿ, ಆ ಬಿಸಿಲಿನಲ್ಲಿ ಅರ್ಥವಾಯಿತು. ಮೊದಲ ಹೆಸರು ಎಂದರೆ ಆ ಸ್ಟಾಪಿನವರಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಾಣುವವರು. ಒಂದು ಕಣ್ಣಾದರೂ ಸರಿ ಇರುವವರು. ಎರಡನೆಯದು ಅವರ ಕೈ ಹಿಡಿದು ಅಭ್ಯಾಸ ಇರುವವರು. ಮೂರನೆಯದು ಎರಡನೆಯವರ ಕೈ ಹಿಡಿಯುವವರು. ಕೊನೆಯ ಹೆಸರು ಮತ್ತೆ ತುಸು ಕಾಣುವವರು, ಹಿಂದೆ ಯಾರೂ ಉಳಿಯದಂತೆ ನೋಡಿಕೊಳ್ಳಲು. ಮುಂದೊಬ್ಬ ಡ್ರೈವರು, ಹಿಂದೊಬ್ಬ ಕಂಡಕ್ಟರು! ಮಾವ ಬರೆದಿದ್ದ ಒಂದೊಂದು ಖಾನೆಯೂ ಒಂದೊಂದು ಬಸ್ಸು. ನಾನು ಕಸ ಎಂದು ಅಳಿಸಿದ್ದ ಅಂಕಿಯಲ್ಲೇ ಇದೆಲ್ಲ ಇತ್ತು.

ಒಂದು ಗಂಟೆ ಹತ್ತು ನಿಮಿಷದ ನಂತರ ಎರಡು ಸೀಟಿ ಕೇಳಿಸಿತು. ಎರಡೂ ಬಸ್ಸು ಹೊರಟವು, ಎಂಬತ್ತಾರಕ್ಕೆ ಎಂಬತ್ತಾರೂ ಒಳಗೆ.

ನನ್ನ ಸಿಟ್ಟು ಆಗಲೂ ಇಳಿಯಲಿಲ್ಲ. ನಾಚಿಕೆಯಾದಾಗ ಸಿಟ್ಟು ಇನ್ನೂ ಏರುತ್ತದಲ್ಲವೇ? "ಇದನ್ನ ಮೊದಲೇ ಹೇಳಬಾರದಿತ್ತಾ ಮಾವ?"

"ಹೇಳೀನಲ್ಲವ್ವ."

"ಎಲ್ಲಿ ಹೇಳಿದ್ರಿ?"

"ಬರ್ದಿದ್ನಲ್ಲ!"

ಆ ವಾರವೇ ಆಜ್ಞೆಯನ್ನು ತಿದ್ದಿದೆ. ಒಡೆದ ಪ್ರತಿ ಹೆಸರಿನ ಪಕ್ಕ ಅದು ಯಾವ ಸ್ಟಾಪಿನದು, ಎಷ್ಟನೆಯ ತುಂಡು ಎಂಬ ಎರಡು ಖಾನೆ ಉಳಿಸಿದೆ. ಆಸ್ಪತ್ರೆಯವರಿಗೆ ಒಂದು ಸಾಲಿಗೆ ಒಬ್ಬರು ಸಿಕ್ಕರು, ಮಾವನಿಗೆ ಸರಪಳಿ ಉಳಿಯಿತು. ಮೂರನೇ ದಿನ ತಿಮ್ಮಕ್ಕ ಒಂದು ಕಣ್ಣಿನಲ್ಲಿ ಬೆಳಕು ತುಂಬಿಕೊಂಡು ಬಂದಳು. ತಿಂಗಳು ಕಳೆದ ಮೇಲೆ ಗೌರಮ್ಮನ ಕೈಲಿ ಮಾವನಿಗೆ ಒಂದು ಸೇರು ಬೇಳೆ ಕಳಿಸಿದಳು, ಜೊತೆಗೆ ಚೀಟಿಯಲ್ಲಿ ಕಟ್ಟಿದ ಹದಿಮೂರು ಕಲ್ಲು. ‘ನಾನೇ ಆರಿಸಿದ್ದು’ ಎಂಬುದಕ್ಕೆ ಸಾಕ್ಷಿ!

ಅಕ್ಟೋಬರಿನ ಶಿಬಿರಕ್ಕೆ ಮಾವ ಹೊಸ ಪಟ್ಟಿ ಕೊಟ್ಟರು. ಒಡೆಯುವ ಮುನ್ನ ಅಭ್ಯಾಸದಂತೆ ಜೋಡಿ ಅಲ್ಪವಿರಾಮ ಎಣಿಸಿದೆ. ಐವತ್ತೆರಡು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೊನೆಯ ಸಾಲು ಕಣ್ಣಿಗೆ ಬಿತ್ತು. ಸ್ಟಾಪು: ಚಿತ್ರದುರ್ಗ. ಹೆಸರಿನ ಖಾನೆಯಲ್ಲಿ ಇಬ್ಬರೇ. ಮೊದಲು ನನ್ನ ಹೆಸರು. ಆಮೇಲೆ ಮೂರು ಅಲ್ಪವಿರಾಮ. ಆಮೇಲೆ ಮಾವನ ಹೆಸರು.

ಡೈರಿ ತೆಗೆದೆ. ಎರಡು, ಏಳು, ಹದಿನಾರು, ಮೂವತ್ತೊಂದು, ಈಗ ಐವತ್ತೆರಡು. ಪಕ್ಕದಲ್ಲಿ ನನ್ನದೇ ಕೈಬರಹದ ಕೆಂಪು ಷರಾ. ದಿನಾಂಕ ಹಾಕಿ, ಗೆರೆ ಎಳೆದು, ಎಲ್ಲವನ್ನೂ ನಾನೇ ಬರೆದಿಟ್ಟಿದ್ದೆ. ಓದಿರಲಿಲ್ಲ ಅಷ್ಟೇ.

ಮಾವ ಜಗಲಿಯ ಮೇಲೆ ಗಾಳಿಗೆ ಮುಖ ಕೊಟ್ಟು ಕೂತಿದ್ದರು. ಪಕ್ಕ ಹೋಗಿ ಕೂತೆ. "ಮಾವ, ಎದುರಿನ ಜೋಗಿಮಟ್ಟಿ ಬೆಟ್ಟ ಕಾಣ್ತೈತಾ?"

"ಅಲ್ಲೈತೆ ಅಂತ ಗೊತ್ತೈತಲ್ಲವ್ವ. ಸಾಕು."

"ಯಾಕೆ ಹೇಳ್ಲಿಲ್ಲ? ನಾಲ್ಕು ಶಿಬಿರ ಮಾಡಿದ್ದೀರಿ, ನಿಮ್ಮ ಹೆಸರು ಯಾಕೆ ಬರೀಲಿಲ್ಲ?" ನನ್ನ ದನಿ ಏರಿತ್ತು. ಇಪ್ಪತ್ತೇಳರಲ್ಲಿ ಎಲ್ಲಕ್ಕಿಂತ ಜೋರಾಗಿ ಜಗಳ ಆಡಿದ್ದು ಆವತ್ತೇ.

"ಕಂಡಕ್ಟರ್ ಕೊನೀಗೆ ಇಳೀಬೇಕು ಕಣವ್ವ. ಎಲ್ರೂ ಇಳಿದ್ರಾ ಅಂತ ನೋಡ್ಕಂಡು..." ಅಡುಗೆಮನೆಯ ಕಡೆ ಮುಖ ತಿರುಗಿಸಿ ದನಿ ತಗ್ಗಿಸಿದರು, "ಅತ್ತೆಗೆ ಹೇಳಬ್ಯಾಡ. ಊಟ ಆಗ್ಲಿ."

ಅತ್ತೆ ಒಳಗಿನಿಂದ ಊಟಕ್ಕೆ ಕರೆದರು. ಜಗಳ ಅರ್ಧಕ್ಕೆ ನಿಂತಿತು.

ಊಟದ ನಂತರ ಪಟ್ಟಿಗೆ ಮರಳಿದೆ. ಕೊನೆಯ ಸಾಲಿನ ಮೂರು ಅಲ್ಪವಿರಾಮಗಳಲ್ಲಿ ಎರಡನ್ನು ಅಳಿಸಿದೆ. ಉಳಿದೆಲ್ಲ ಖಾನೆಗಳನ್ನೂ ಆಜ್ಞೆ ಕೊಟ್ಟು ಒಡೆದೆ. ಆ ಒಂದು ಖಾನೆಯನ್ನು ಮಾತ್ರ ಒಡೆಯಲಿಲ್ಲ. ಆಸ್ಪತ್ರೆಯವರು ಏನಾದರೂ ಅಂದುಕೊಳ್ಳಲಿ.

ಶಿಬಿರದ ಬೆಳಿಗ್ಗೆ ಎಲ್ಲ ಸ್ಟಾಪಿನವರನ್ನೂ ಹತ್ತಿಸಿದ ಮೇಲೆ, ಮಾವ ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಬಲಗೈಯನ್ನು ಗಾಳಿಯಲ್ಲಿ ಚಾಚಿದರು. ನಾನು ಹಿಡಿದುಕೊಂಡೆ. "ಯಾರು?" ಎಂದು ಅವರು ಕೇಳಲಿಲ್ಲ.